‘ಏನ್ ಕೆಲ್ಸ ಮಾಡ್ತೀರಿ?’ ಎಂಬ ಪ್ರಶ್ನೆಗೆ ಸಿಗದ ಉತ್ತರ: ಒಂದು ಬದುಕನ್ನು ಚಾರ್ಟ್ ಶೀಟಿಗೆ ಇಳಿಸುವ ಬಗೆ

ಹರಿಹರ ತಾಲ್ಲೂಕಿನ ಯಾವುದಾದರೂ ನಾಲೆ ಬಯಲಿನ ಊರಿಗೆ ಹೋಗಿ, ಜಗಲಿ ಮೇಲೆ ಅಕ್ಕಿ ಆರಿಸುತ್ತ ಕೂತ ಹೆಂಗಸನ್ನು ‘ಏನ್ ಕೆಲ್ಸ ಮಾಡ್ತೀರಿ?’ ಅಂತ ಕೇಳಿ. ‘ಏನಿಲ್ಲ ಬಿಡ್ರೀ, ಮನ್ಯಾಗೇ ಇರ್ತೀನಿ’ ಎಂಬ ಉತ್ತರ ಬರುತ್ತದೆ. ‘ನಾಟಿಗೆ ಹೋಗಲ್ವೇನಕ್ಕಾ?’ ಅಂದರೆ, ‘ನಾಟಿಗೆ ಹೋಗ್ದೆ ಇರಾಕಾಗುತ್ತೇನ್ರೀ’ ಅಂತ ನಗುತ್ತಾರೆ. ಎರಡು ಉತ್ತರವೂ ನಿಜ. ಮೊದಲ ಪ್ರಶ್ನೆ ಇವತ್ತಿನದನ್ನು ಕೇಳಿತು, ಎರಡನೆಯದು ವರ್ಷದಲ್ಲಿ ಬಂದುಹೋಗುವ ಕೆಲಸದ ಹೆಸರನ್ನೇ ಹಿಡಿದು ಕೇಳಿತು. ದುಡಿಮೆ ಮತ್ತು ಸಂಸಾರದ ಬಗ್ಗೆ ಸಮಾಜ ವಿಜ್ಞಾನಿಗಳು ಮಾಡುವ ಸಂಶೋಧನೆಯಲ್ಲಿ ‘ಲೈಫ್ ಕೋರ್ಸ್’, ಅಂದರೆ ಬದುಕಿನ ಹಾದಿ, ಎಂಬ ದಾರಿ ಹಿಡಿಯಲು ನೋಡುವುದು ಈ ಅಂತರವನ್ನೇ. ಒಬ್ಬರು ಈಗ ಏನಾಗಿದ್ದಾರೆ ಎಂಬುದಕ್ಕಿಂತ ಯಾವ ವಯಸ್ಸಿನಲ್ಲಿ, ಯಾವುದರ ಹಿಂದೆ ಯಾವುದು, ಮನೆಯಲ್ಲಿ ಯಾರಿಗೆ ಏನಾದಾಗ ಇವರಿಗೆ ಏನಾಯಿತು ಎಂಬುದನ್ನು ಅದು ಹುಡುಕುತ್ತದೆ.

ಸರ್ಕಾರಿ ಸಮೀಕ್ಷೆಗಳಿಗೂ ಈ ತೊಡಕು ಗೊತ್ತು. ಕಾರ್ಮಿಕ ಬಲದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಳೆದ 365 ದಿನಗಳಲ್ಲಿ ಹೆಚ್ಚು ಕಾಲ ಏನು ಮಾಡಿದಿರಿ ಎಂಬುದು ಮುಖ್ಯ ಸ್ಥಿತಿ. ಅದರ ಜೊತೆಗೆ 30 ದಿನವಾದರೂ ಬೇರೆ ದುಡಿಮೆ ಇದ್ದರೆ ಅದು ಪೂರಕ ಸ್ಥಿತಿ. ಬರೀ ಮನೆಗೆಲಸ ಅಂದವರಿಗೆ 92 ಎಂಬ ಸಂಕೇತ. ಮನೆಗೆಲಸದ ಜೊತೆ ಸೌದೆ, ಮೇವು ತರುವುದು, ಮನೆಯವರಿಗೆ ಹೊಲಿಯುವುದು ಇದ್ದರೆ 93. ಗಣತಿದಾರರು ಪೂರಕ ಸ್ಥಿತಿಯ ಪ್ರಶ್ನೆಯನ್ನು ಅವಸರದಲ್ಲಿ ಹಾರಿಸಿದರೆ ಮುಂಗಾರಿನ ನಾಟಿ, ಬೇಸಿಗೆಯ ನಾಟಿ, ಮೆಕ್ಕೆಜೋಳದ ತೆನೆ ಮುರಿಯುವ ದಿನಗಳು ಎಲ್ಲ ಸೇರಿ 92ರಲ್ಲಿ ಮುಳುಗಿಹೋಗುತ್ತವೆ. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಇದರ ಇನ್ನೊಂದು ರೂಪ ಕಾಣುತ್ತದೆ. ಸೀರೆ ನೇಯುವವನು ನೇಕಾರ, ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿಕೊಡುವ ಹೆಂಡತಿ ‘ಸಹಾಯ ಮಾಡ್ತಾಳೆ’. ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದರೂ ಕೆಲಸದ ಹೆಸರು ಒಬ್ಬನಿಗೇ ಸಲ್ಲುತ್ತದೆ.

ಬರಗಾಲ ಒಂದೇ, ವಯಸ್ಸು ಬೇರೆ

ಈ ಶಾಸ್ತ್ರದಲ್ಲಿ ಎಲ್ಲರೂ ಮೊದಲು ಓದುವುದು ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ ಅವರ 1974ರ ಪುಸ್ತಕ. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ 1920-21ರಲ್ಲಿ ಹುಟ್ಟಿದ 167 ಮಕ್ಕಳನ್ನು ಅಲ್ಲಿನ ಸಂಶೋಧಕರು 1930ರ ದಶಕದಿಂದಲೇ ಗಮನಿಸುತ್ತ ಬಂದಿದ್ದರು. ಎಲ್ಡರ್ ಆ ಹಳೆಯ ಕಡತಗಳನ್ನು ತೆಗೆದು, 1929ರಿಂದ 1933ರ ಮಹಾ ಆರ್ಥಿಕ ಕುಸಿತದಲ್ಲಿ ಆದಾಯ ಶೇ. 35ಕ್ಕಿಂತ ಹೆಚ್ಚು ಕಳೆದುಕೊಂಡ ಮನೆಗಳನ್ನು ಬೇರೆ ಮಾಡಿ ನೋಡಿದರು. ಆ ಮನೆಗಳಲ್ಲಿ ಗಂಡುಹುಡುಗರು ಹೊರಗೆ ಚಿಲ್ಲರೆ ಕೆಲಸಕ್ಕೆ ಹೋದರು, ಹೆಣ್ಣುಮಕ್ಕಳು ಮನೆಗೆಲಸಕ್ಕೆ ಬಿದ್ದರು. ಮುಂದೆ ಬರ್ಕ್ಲಿಯಲ್ಲಿ 1928-29ರಲ್ಲಿ ಹುಟ್ಟಿದ ಮಕ್ಕಳ ಕಡತದೊಂದಿಗೆ ಹೋಲಿಸಿದಾಗ ಒಂದು ಮಾತು ಎದ್ದು ಕಂಡಿತು. ಅದೇ ಕುಸಿತ, ಅದೇ ರಾಜ್ಯ. ಆದರೆ ತೀರ ಎಳೆಯ ವಯಸ್ಸಿನಲ್ಲಿ ಅದಕ್ಕೆ ಸಿಕ್ಕ ಗಂಡುಮಕ್ಕಳಿಗೆ ಬಿದ್ದ ಪೆಟ್ಟು ಹತ್ತು-ಹನ್ನೆರಡು ದಾಟಿದವರಿಗೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಘಟನೆಯ ತೂಕ ಅದು ತಾಗಿದ ವಯಸ್ಸಿನ ಮೇಲೆ ನಿಂತಿದೆ ಎಂಬ ಮಾತು ಈ ಹೋಲಿಕೆಯಿಂದ ಬಂತು. ಇನ್ನೊಬ್ಬರ ಬದುಕಿನ ತಿರುವು ನಮ್ಮ ಬದುಕನ್ನೂ ತಿರುಗಿಸುತ್ತದೆ ಎಂಬುದು ಅವರ ಮತ್ತೊಂದು ಸೂತ್ರ. ‘ಹೆಣೆದುಕೊಂಡ ಬದುಕುಗಳು’ ಅನ್ನಬಹುದು. ಅವರು ಹೇಳಿದ ಸೂತ್ರಗಳು ಒಟ್ಟು ಐದು. ಹಳ್ಳಿಯ ಜಗಲಿ ಮೇಲೆ ಕೂತಾಗ ಹೆಚ್ಚು ಕೆಲಸಕ್ಕೆ ಬರುವುದು ಈ ಎರಡೇ.

ಓದು, ಆಮೇಲೆ ನೌಕರಿ, ಆಮೇಲೆ ನಿವೃತ್ತಿ ಎಂಬ ಮೂರು ಕಂತಿನ ಬದುಕು ಪಠ್ಯಪುಸ್ತಕಗಳಲ್ಲಿ ಬಹಳ ಸಿಗುತ್ತದೆ. ನಮ್ಮಲ್ಲಿ ಅದು 60ಕ್ಕೆ ನಿವೃತ್ತಿಯಾಗುವ ಸರ್ಕಾರಿ ನೌಕರನಿಗೆ ಒಪ್ಪುತ್ತದೆ. ಎಪಿಎಂಸಿ ಹಮಾಲಿಗೆ, ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತವನಿಗೆ ನಿವೃತ್ತಿ ಎಂದರೆ ಮೈ ಸೋತ ದಿನ. ಸಂಧ್ಯಾ ಸುರಕ್ಷಾ ಮಾಸಾಶನ ಬರುವುದು 65 ತುಂಬಿದ ಮೇಲೆ. ನಡುವಿನ ವರ್ಷಗಳಲ್ಲಿ ಆ ಮನೆ ಹೇಗೆ ನಡೆಯಿತು ಎಂಬುದೇ ಸಂಶೋಧನೆಗೆ ಒಳ್ಳೆಯ ಪ್ರಶ್ನೆ.

ಹಾಳೆ ಸಿದ್ಧಪಡಿಸುವುದು

ಬದುಕನ್ನು ಕಾಲಕ್ರಮದಲ್ಲಿ ಕೆದಕಲು ಬಳಸುವ ಸಾಧನಕ್ಕೆ ಬದುಕಿನ ಕ್ಯಾಲೆಂಡರ್ ಎನ್ನಬಹುದು. 1988ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಕ್ರಮಬದ್ಧವಾಗಿ ವಿವರಿಸಿದ ಮೇಲೆ ಹಲವು ಕಡೆ ಬಳಕೆಗೆ ಬಂತು. ಅಡ್ಡಕ್ಕೆ ವರ್ಷಗಳು, ಉದ್ದಕ್ಕೆ ಬದುಕಿನ ಬೇರೆ ಬೇರೆ ಎಳೆಗಳು, ಅಷ್ಟೇ. ಅಂಗಡಿಯಲ್ಲಿ ಸಿಗುವ ದೊಡ್ಡ ಚಾರ್ಟ್ ಶೀಟ್ 22 ಇಂಚು ಅಗಲ, 28 ಇಂಚು ಉದ್ದ, ಅಂದರೆ ಸುಮಾರು 56 ಮತ್ತು 71 ಸೆಂ.ಮೀ. ಅದನ್ನು ಅಡ್ಡಲಾಗಿ ಹಾಸಿ, ಎಡಕ್ಕೆ 15 ಸೆಂ.ಮೀ. ಸಾಲುಗಳ ಹೆಸರಿಗೆ ಬಿಡಿ. ಉಳಿದ 56 ಸೆಂ.ಮೀ.ನಲ್ಲಿ ವರ್ಷಕ್ಕೆ 1.2 ಸೆಂ.ಮೀ.ನಂತೆ 45 ವರ್ಷ ಹಿಡಿಯುತ್ತದೆ, ಅಂಚಿಗೆ 2 ಸೆಂ.ಮೀ. ಉಳಿಯುತ್ತದೆ. ಎ4 ಹಾಳೆಯಲ್ಲಿ ಮಾಡಲು ಹೋದವರು 30 ವರ್ಷ ದಾಟುವಷ್ಟರಲ್ಲಿ ಅಕ್ಷರ ಇರುಕಿಸಲು ಶುರುಮಾಡಿ, ಆಮೇಲೆ ತಾವು ಬರೆದದ್ದನ್ನು ತಾವೇ ಓದಲಾರದೆ ಕೂರುತ್ತಾರೆ.

ಒಂದು ವರ್ಷಕ್ಕೆ ಒಂದೇ ಚೌಕ ಸಾಲದು. ಕೂಲಿ ಕೆಲಸ ವರ್ಷದ ಲೆಕ್ಕದಲ್ಲಿ ನಡೆಯುವುದಿಲ್ಲ. ತಿಂಗಳಿಗೊಂದು ಚೌಕ ಮಾಡಿದರೆ ಯಾರಿಗೂ ನೆನಪಿರುವುದಿಲ್ಲ; ನೆನಪಿದೆ ಅಂದವರು ಊಹಿಸಿ ಹೇಳುತ್ತಾರೆ. ಈ ಭಾಗಕ್ಕೆ ಒಪ್ಪುವುದು ವರ್ಷಕ್ಕೆ ಮೂರು ಚೌಕ, ತಲಾ 4 ಮಿ.ಮೀ.: ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು, ಅಕ್ಟೋಬರ್‌ನಿಂದ ಜನವರಿ ಹಿಂಗಾರು, ಫೆಬ್ರುವರಿಯಿಂದ ಮೇ ಬೇಸಿಗೆ. ಹಾಳೆಯ ವರ್ಷವನ್ನು ಜನವರಿಗಲ್ಲ, ಜೂನ್‌ಗೆ ಶುರುಮಾಡಿ. ಮಳೆಯೂ ಶಾಲೆಯೂ ಒಂದೇ ಗೆರೆಯಿಂದ ಹೊರಡುತ್ತವೆ, ನೆನಪಿಗೆ ಅನುಕೂಲ. 12ನೇ ವಯಸ್ಸಿನಿಂದ 55ರವರೆಗೆ 43 ವರ್ಷ, ಅಂದರೆ ಪ್ರತಿ ಸಾಲಿಗೆ 129 ಚೌಕ.

ಸಾಲುಗಳ ಕ್ರಮ ಮುಖ್ಯ. ಮೇಲೆ ಇಸವಿ, ಅದರ ಕೆಳಗೆ ವಯಸ್ಸು, ಅದರ ಕೆಳಗೆ ಊರಿನ ಗುರುತುಗಳು. ಆಮೇಲೆ ವಾಸ, ಶಾಲೆ, ಮದುವೆ-ಮಕ್ಕಳು, ಮನೆಯಲ್ಲಿ ಯಾರ್ಯಾರಿದ್ದರು, ಯಾರ ಆರೈಕೆ ಮಾಡಿದರು, ಕೂಲಿ ಕೆಲಸ, ಸ್ವಂತ ಹೊಲ ಮತ್ತು ದನ, ಗಂಡನ ಕೆಲಸ, ಸಾಲ. ‘ಮನೆಯಲ್ಲಿ ಯಾರ್ಯಾರು’ ಮತ್ತು ‘ಆರೈಕೆ’ ಎಂಬ ಎರಡು ಸಾಲು ಕೂಲಿ ಕೆಲಸದ ಸಾಲಿಗಿಂತ ಮೇಲೆಯೇ ಇರಬೇಕು. ಮನೆಯಲ್ಲಿ ಅತ್ತೆ ಇದ್ದ ವರ್ಷ, ಅತ್ತೆ ಮಲಗಿದ ವರ್ಷ ಬರೆದಾದ ಮೇಲೆ ಕೂಲಿಯ ಪ್ರಶ್ನೆ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ತಿರುಗುಮುರುಗಾಗಿ ಕೇಳಿದರೆ ‘ಮೊದ್ಲಿಂದ ಹೋಗ್ತಿದ್ದೆ’ ಎಂಬಲ್ಲಿಗೆ ಮುಗಿಯುತ್ತದೆ.

ಊರಿನ ಗುರುತುಗಳ ಸಾಲನ್ನು ಮನೆಗೆ ಹೋಗುವ ಮೊದಲೇ ಪೆನ್ನಿನಲ್ಲಿ ಬರೆದುಕೊಂಡು ಹೋಗಬೇಕು. 1984ರಲ್ಲಿ ಇಂದಿರಾಗಾಂಧಿ ಹತ್ಯೆ. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆ ಆದದ್ದು. ಅಲ್ಲಿಯವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಹರಿಹರ, ಜಗಳೂರಿನವರು ಮನೆ ಬದಲಿಸದೆಯೇ ಜಿಲ್ಲೆ ಬದಲಿಸಿದರು. 2001ರಿಂದ 2004ರವರೆಗಿನ ಮೂರು ವರ್ಷದ ಬರ. 2006ರಲ್ಲಿ ಉದ್ಯೋಗ ಖಾತ್ರಿ ದೇಶದ 200 ಜಿಲ್ಲೆಗಳಲ್ಲಿ ಶುರುವಾದಾಗ ಕರ್ನಾಟಕದಿಂದ ಮೊದಲ ಕಂತಿನಲ್ಲಿ ಸೇರಿದ್ದು ಐದೇ ಜಿಲ್ಲೆ. ಚಿತ್ರದುರ್ಗ, ದಾವಣಗೆರೆ ಎರಡೂ ಅದರಲ್ಲಿದ್ದವು. 2016ರ ನೋಟು ರದ್ದು, 2020ರ ಲಾಕ್‌ಡೌನ್. ಹಿರಿಯೂರಿನ ಕಡೆ ಆದರೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು. 1933ರ ನಂತರ ಅದೇ ಮೊದಲು, ಹಾಗಾಗಿ ಆ ವರ್ಷ ಯಾವ ಮೊಮ್ಮಗು ತೊಟ್ಟಿಲಲ್ಲಿತ್ತು ಎಂಬುದು ಅಲ್ಲಿನ ಅಜ್ಜಿಯರಿಗೆ ಮರೆಯುವುದಿಲ್ಲ. ಇವುಗಳ ಮೇಲೆ ಆಯಾ ಊರಿನ ಜಾತ್ರೆ, ಬೋರ್‌ವೆಲ್ ಕೊರೆದದ್ದು, ಕರೆಂಟು ಬಂದದ್ದು ಸೇರಿಸಿ.

ಕೇಳುವುದು, ಮತ್ತು ಎಲ್ಲಿ ಎಡವುತ್ತದೆ

ಇಬ್ಬರು ಹೋಗುವುದು ಒಳ್ಳೆಯದು, ಒಬ್ಬರು ಮಾತಿಗೆ, ಒಬ್ಬರು ಬರಹಕ್ಕೆ. ಪೆನ್ಸಿಲಿನಲ್ಲೇ ಬರೆಯಬೇಕು, ರಬ್ಬರ್ ಕೈಯಲ್ಲಿರಬೇಕು. ಒಂದು ಗಂಟೆಯಿಂದ ಒಂದೂವರೆ ಗಂಟೆಯ ಮಾತಿನಲ್ಲಿ ಚೌಕಗಳು ಹಿಂದೆ ಮುಂದೆ ಸರಿಯುತ್ತಲೇ ಇರುತ್ತವೆ. ಹಾಳೆಯನ್ನು ಉತ್ತರ ಹೇಳುವವರ ಎದುರಿಗೇ ಹಾಸಬೇಕು. ಓದಲು ಬಾರದವರೂ ಬಣ್ಣದ ಪಟ್ಟಿಯನ್ನು ಬೆರಳಿಟ್ಟು ‘ಇದು ಇಲ್ಲಿಗೆ ಬರಬೇಕಿತ್ತು’ ಅನ್ನುತ್ತಾರೆ.

ಮೊದಲು ಮಕ್ಕಳ ಹುಟ್ಟು ಗುರುತಿಸಿ, ಉಳಿದದ್ದನ್ನೆಲ್ಲ ಅದಕ್ಕೆ ಕಟ್ಟಿ. ‘ಯಾವ ಇಸ್ವಿ?’ ಅನ್ನುವ ಬದಲು ‘ಆಗ ಯಾವ ಮಗು ಕಂಕುಳಲ್ಲಿತ್ತು?’ ಅನ್ನಿ. ಉಳಿಯದ ಮಕ್ಕಳ ವಿಷಯವನ್ನು ಎಲ್ಲರ ಮುಂದೆ ಕೇಳಬಾರದು. ಅದನ್ನು ಕೇಳದೇ ಬಿಟ್ಟರೆ ಎರಡು ಹೆರಿಗೆಗಳ ನಡುವೆ ಅರ್ಥವಾಗದ ನಾಲ್ಕು ವರ್ಷ ಖಾಲಿ ಉಳಿಯುತ್ತದೆ. ಅತ್ತೆಯೋ ಗಂಡನೋ ಪಕ್ಕದಲ್ಲಿ ಕೂತರೆ ಆರೈಕೆಯ ಸಾಲಿನಲ್ಲಿ ದೂರು ಇರುವುದಿಲ್ಲ, ಸಾಲದ ಸಾಲಿನಲ್ಲಿ ಸಾಲವೇ ಇರುವುದಿಲ್ಲ.

ವಾಸದ ಸಾಲಿನಲ್ಲಿ ಒಂದು ತಪ್ಪು ಮೇಲಿಂದ ಮೇಲೆ ಆಗುತ್ತದೆ. ಚೊಚ್ಚಲ ಬಾಣಂತನ ತವರಿನಲ್ಲಿ. ಸೀಮಂತ ಮುಗಿಸಿಕೊಂಡು ಹೋದವಳು ಮಗುವಿಗೆ ಮೂರೋ ಐದೋ ತಿಂಗಳಾದ ಮೇಲೆ ಗಂಡನ ಮನೆಗೆ ಬರುತ್ತಾಳೆ. ‘ಮದುವೆಯಾದಾಗಿನಿಂದ ಇದೇ ಊರು’ ಎಂಬ ಉತ್ತರವನ್ನು ಹಾಗೇ ಬರೆದರೆ ಎರಡು ಚೌಕದ ತವರುವಾಸ ಕಾಣೆಯಾಗುತ್ತದೆ. ಆಗ ಕೂಲಿ ನಿಂತದ್ದು ಯಾಕೆ, ನಾಟಿ ಗುಂಪಿನಲ್ಲಿ ಅವಳ ಜಾಗಕ್ಕೆ ನಾದಿನಿ ಹೋದದ್ದು ಯಾಕೆ, ಯಾವುದೂ ತಿಳಿಯುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಕಾಗದವನ್ನು ಪೂರ್ತಿ ನಂಬಬೇಡಿ. ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಬರೆದ ಜೂನ್ 1, ಆಧಾರ್ ಮಾಡಿಸುವಾಗ ಬಿದ್ದ ಜನವರಿ 1 ಎರಡೂ ಹುಟ್ಟಿದ ದಿನವಲ್ಲ. ಬಾಯಿಮಾತಿನ ವಯಸ್ಸು 40, 45, 50ಕ್ಕೆ ಗುಂಪುಗೂಡುತ್ತದೆ. ಎಷ್ಟು ಗುಂಪುಗೂಡಿದೆ ಎಂದು ಅಳೆಯಲು ವಿಪಲ್ ಸೂಚ್ಯಂಕವಿದೆ. 23ರಿಂದ 62 ವರ್ಷದವರನ್ನು ತೆಗೆದುಕೊಂಡು, 0 ಅಥವಾ 5ಕ್ಕೆ ಮುಗಿಯುವ ವಯಸ್ಸು ಹೇಳಿದವರ ಸಂಖ್ಯೆಯನ್ನು 5ರಿಂದ ಗುಣಿಸಿ, ಒಟ್ಟು ಜನರಿಂದ ಭಾಗಿಸಿ, 100ರಿಂದ ಗುಣಿಸುವುದು. 200 ಜನರಲ್ಲಿ 90 ಮಂದಿ ಹಾಗೆ ಹೇಳಿದರೆ 225. ಗುಂಪುಗೂಡುವಿಕೆ ಇಲ್ಲದಿದ್ದರೆ 100, ಎಲ್ಲರೂ ಹಾಗೇ ಹೇಳಿದರೆ 500. ಸೂಚ್ಯಂಕ 200 ದಾಟಿದ ಊರಿನಲ್ಲಿ ‘20ಕ್ಕೆ ಮದುವೆಯಾಯಿತು’ ಎಂಬ ಉತ್ತರಗಳ ಮೇಲೆ ದೊಡ್ಡ ತೀರ್ಮಾನ ಕಟ್ಟಬಾರದು.

ನೆನಪಿಗೆ ಇನ್ನೊಂದು ಚಾಳಿ ಇದೆ. ಮನಸ್ಸಿಗೆ ನಾಟಿದ ಘಟನೆಯನ್ನು ಅದು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಏಳು ವರ್ಷದ ಹಿಂದಿನ ಸಾವು ‘ಮೊನ್ನೆ ಮೊನ್ನೆ, ನಾಕೈದು ವರ್ಷ’ ಆಗುತ್ತದೆ. ಸಣ್ಣ ಅವಧಿಯ ಕೆಲಸಗಳನ್ನಂತೂ ನುಂಗಿಯೇ ಹಾಕುತ್ತದೆ. ಗುರುತುಗಳ ಸಾಲು ಇರುವುದು ಈ ಎರಡನ್ನೂ ತಿದ್ದಲು.

ಒಂದು ಹಾಳೆಯನ್ನು ಓದೋಣ

ಇಲ್ಲಿನ ಹೆಂಗಸು ವಿವರಣೆಗಾಗಿ ಕಟ್ಟಿಕೊಂಡವಳು. 1970ರಲ್ಲಿ ಜಗಳೂರು ತಾಲ್ಲೂಕಿನ ಮಳೆ ನಂಬಿದ ಊರಲ್ಲಿ ಹುಟ್ಟಿ, ಹತ್ತನೇ ವಯಸ್ಸಿಗೆ ಶೇಂಗಾ ಹೊಲದ ಕಳೆಗೆ ಹೋಗಿ, 1983ರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟಳು. 1988ರಲ್ಲಿ ಭದ್ರಾ ನಾಲೆಯ ನೀರುಣ್ಣುವ ಹರಿಹರ ತಾಲ್ಲೂಕಿನ ಊರಿಗೆ ಮದುವೆಯಾಗಿ ಬಂದಳು. ಕೂಲಿಯ ಸಾಲನ್ನು ನೋಡಿದರೆ ಅಲ್ಲಿಯವರೆಗೆ ವರ್ಷಕ್ಕೆ ಒಂದು ಚೌಕಕ್ಕೆ ಮಾತ್ರ ಬಣ್ಣವಿದೆ; ಮದುವೆಯ ಮರುವರ್ಷದಿಂದ ಎರಡಕ್ಕೆ. ನಾಲೆ ನೀರಿನಿಂದ ವರ್ಷಕ್ಕೆ ಎರಡು ನಾಟಿ. ಅವಳ ದುಡಿಮೆ ಹೆಚ್ಚಿದ್ದು ಮದುವೆ ಅವಳನ್ನು ಮಳೆ ನಂಬಿದ ಊರಿನಿಂದ ನೀರಾವರಿಯ ಊರಿಗೆ ಒಯ್ದದ್ದರಿಂದ.

ಮಕ್ಕಳು 1990ರಲ್ಲಿ ಮಗಳು, 1995ರಲ್ಲಿ ಮಗ. ಇಬ್ಬರು ಹುಟ್ಟಿದಾಗಲೂ ಕೂಲಿ ನಿಂತದ್ದು ಮೂರ್ಮೂರು ಚೌಕ ಮಾತ್ರ. ಮೇಲಿನ ಸಾಲು ನೋಡಿ: ಅತ್ತೆ ಮನೆಯಲ್ಲಿದ್ದಾರೆ, ಕೂಸನ್ನು ನೋಡಿಕೊಳ್ಳುತ್ತಿದ್ದಾರೆ. ನಾಟಿ ಗುಂಪು ಮುಂಜಾನೆಯೇ ಹೊರಡುತ್ತದೆ. ಆ ಹೊತ್ತಿಗೆ ಅಂಗನವಾಡಿ ಬಾಗಿಲು ತೆರೆದಿರುವುದಿಲ್ಲ, ತೆರೆದರೂ ಅಲ್ಲಿ ಕೂರಿಸಿಕೊಳ್ಳುವುದು ಮೂರು ತುಂಬಿದವರನ್ನು. ಮೂರರ ಒಳಗಿನ ಮಕ್ಕಳಿಗೆಂದು ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಬಂದದ್ದು ತೀರ ಈಚೆಗೆ.

1998ರ ಹಿಂಗಾರಿನಲ್ಲಿ ಅತ್ತೆಗೆ ಲಕ್ವಾ ಹೊಡೆಯಿತು. ಅಲ್ಲಿಂದ 2001ರ ಮುಂಗಾರಿನವರೆಗೆ, ಅವರು ತೀರಿಕೊಳ್ಳುವ ತನಕ, ಸೊಸೆಯ ಕೂಲಿಯ ಸಾಲು ಖಾಲಿ. ಅದೇ ಚೌಕಗಳಲ್ಲಿ ಕೆಳಗಿನ ಗಂಡನ ಸಾಲಿಗೆ ಬೇರೆ ಬಣ್ಣ: ಅವನು ದಾವಣಗೆರೆಗೆ ಹಮಾಲಿಗೆ ಹೋಗತೊಡಗಿದ. ಸ್ಕೇಲು ಇಟ್ಟು 1998ರ ಮೇಲಿಂದ ಕೆಳಗೆ ಒಂದು ಗೆರೆ ಎಳೆದರೆ ಒಂದು ಕಾಯಿಲೆ ನಾಲ್ಕು ಸಾಲುಗಳನ್ನು ದಾಟಿ ಹೋಗುವುದು ಕಾಣುತ್ತದೆ. ಎಲ್ಡರ್ ಹೇಳಿದ ಹೆಣೆದುಕೊಂಡ ಬದುಕುಗಳು ಇವೇ. ಹಿಂದೆ ಕೂಸು ಹಿಡಿದು ಸೊಸೆಯನ್ನು ಗದ್ದೆಗೆ ಕಳಿಸಿದ ಅತ್ತೆಯೇ ಈಗ ಅವಳನ್ನು ಮನೆಯಲ್ಲಿ ಹಿಡಿದಿದ್ದಾರೆ. ‘ಅತ್ತೆ ಇದ್ದರೆ ಹೆಂಗಸು ದುಡಿಯಬಹುದೇ?’ ಎಂಬ ಪ್ರಶ್ನೆಗೆ ಹೌದು-ಅಲ್ಲ ಹುಡುಕುವವರು ಈ ಎರಡು ಅವಧಿಯನ್ನು ಕೂಡಿಸಿ ಸರಾಸರಿ ತೆಗೆದು, ಏನೂ ವ್ಯತ್ಯಾಸವಿಲ್ಲ ಎಂದು ವರದಿ ಬರೆಯುತ್ತಾರೆ.

ಅತ್ತೆ ಹೋದ ಮೇಲೆ ಕೂಲಿ ಮತ್ತೆ ಶುರುವಾಗಬೇಕಿತ್ತು. ಆದರೆ 2001ರಿಂದ ಬರ. ಆ ವರ್ಷಗಳ ಬೇಸಿಗೆಯ ಚೌಕಗಳು ಖಾಲಿ. 2003ರಲ್ಲಿ ಮಗಳಿಗೆ 13, ಏಳನೇ ಕ್ಲಾಸು ಮುಗಿಸಿ ಓದು ಬಿಟ್ಟಳು. ಮಗನಿಗೆ 8, ಶಾಲೆಗೆ ಹೋಗುತ್ತಲೇ ಇದ್ದ; ಮುಂದೆ ಐಟಿಐ ಮುಗಿಸಿದ. 2006ರಲ್ಲಿ ಉದ್ಯೋಗ ಖಾತ್ರಿ ಬಂದು ಬೇಸಿಗೆಯ ಚೌಕಕ್ಕೆ ಮತ್ತೆ ಬಣ್ಣ ಬರುವ ಹೊತ್ತಿಗೆ ಮಗಳಿಗೆ 16. ಅವಳ ಪಾಲಿಗೆ ಅದು ಮೂರು ವರ್ಷ ತಡ. ಇಲ್ಲಿ ಅವಸರ ಬೇಡ. ಮಗಳು ಓದು ಬಿಟ್ಟದ್ದು ಆ ವಯಸ್ಸಿನಲ್ಲಿ ಬರ ಬಂದದ್ದಕ್ಕೋ, ಹೆಣ್ಣಾದದ್ದಕ್ಕೋ ಎಂದು ಒಂದು ಮನೆಯ ಹಾಳೆ ಹೇಳಲಾರದು. 13ರ ಹುಡುಗರೂ 8ರ ಹುಡುಗಿಯರೂ ಇದ್ದ ಬೇರೆ ಮನೆಗಳ ಹಾಳೆ ಬೇಕು.

ಇದೇ ಎಚ್ಚರ ತಲೆಮಾರುಗಳನ್ನು ಹೋಲಿಸುವಾಗಲೂ ಬೇಕು. ಇಂದಿನ 25ರ ಸೊಸೆಯರು ನಾಟಿಗೆ ಕಡಿಮೆ ಹೋಗುತ್ತಾರೆ ಎಂದುಕೊಳ್ಳಿ. ಅದು 25ರ ವಯಸ್ಸಿನ ಲಕ್ಷಣವೋ, ಈ ಕಾಲದ್ದೋ, ಈ ತಲೆಮಾರಿನದ್ದೋ? ಇಸವಿಯಿಂದ ಹುಟ್ಟಿದ ವರ್ಷ ಕಳೆದರೆ ವಯಸ್ಸು. ಮೂರರಲ್ಲಿ ಎರಡು ತಿಳಿದರೆ ಮೂರನೆಯದು ನಿಗದಿಯಾಗಿಬಿಡುತ್ತದೆ. ಹಾಗಾಗಿ ಬರೀ ಲೆಕ್ಕದಿಂದ ಈ ಮೂರನ್ನು ಬೇರ್ಪಡಿಸಲು ಬರುವುದಿಲ್ಲ.

ಮುಗಿಯದ ಕಥೆಗಳ ಲೆಕ್ಕ

ಹತ್ತಿಪ್ಪತ್ತು ಹಾಳೆ ಕೂಡಿದ ಮೇಲೆ ಮೊದಲ ಹೆರಿಗೆಯಾದವರು ಎಷ್ಟು ತಿಂಗಳಿಗೆ ಕೂಲಿಗೆ ಮರಳಿದರು ಎಂದು ನೋಡುವ ಆಸೆಯಾಗುತ್ತದೆ. ಈಚಿನ ಹೆರಿಗೆಯಾದ್ದರಿಂದ ತಿಂಗಳ ಲೆಕ್ಕ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಲೆಕ್ಕ ತೋರಿಸಲು ಹತ್ತು ಜನ ಸಾಕು. ಆರು ಮಂದಿ 4, 6, 6, 8, 12, 24 ತಿಂಗಳಿಗೆ ಮರಳಿದ್ದಾರೆ. ನಾಲ್ವರು ಇನ್ನೂ ಮರಳಿಲ್ಲ. ಮಾತಾಡಿಸಿದ ದಿನಕ್ಕೆ ಅವರ ಹೆರಿಗೆಯಾಗಿ 10, 15, 30, 36 ತಿಂಗಳಾಗಿದೆ. ಆರು ಜನರದ್ದು ಮಾತ್ರ ಕೂಡಿ ಭಾಗಿಸಿದರೆ ಸರಾಸರಿ 10 ತಿಂಗಳು. ಈ ಉತ್ತರ ತಪ್ಪು, ಯಾಕೆಂದರೆ ನಿಧಾನವಾಗಿ ಮರಳುವವರನ್ನೇ ಲೆಕ್ಕದಿಂದ ಹೊರಗಿಟ್ಟಿದೆ.

ಸರಿಯಾದ ದಾರಿಯನ್ನು 1958ರಲ್ಲಿ ಕಪ್ಲಾನ್ ಮತ್ತು ಮೈಯರ್ ಎಂಬ ಸಂಖ್ಯಾಶಾಸ್ತ್ರಜ್ಞರು ತೋರಿಸಿದರು. ಒಬ್ಬೊಬ್ಬರನ್ನೂ ಅವರ ಸುದ್ದಿ ಗೊತ್ತಿರುವ ತಿಂಗಳವರೆಗೆ ಲೆಕ್ಕದಲ್ಲಿಟ್ಟು, ಆಮೇಲೆ ಬಿಡುವುದು. 4ನೇ ತಿಂಗಳಲ್ಲಿ 10 ಜನರಲ್ಲಿ ಒಬ್ಬಳು ಮರಳಿದಳು, ಮನೆಯಲ್ಲಿ ಉಳಿದ ಪಾಲು 0.90. 6ನೇ ತಿಂಗಳಲ್ಲಿ, ಉಳಿದ 9 ಜನರಲ್ಲಿ ಇಬ್ಬರು: 0.90ನ್ನು 7/9ರಿಂದ ಗುಣಿಸಿದರೆ 0.70. 8ನೇ ತಿಂಗಳಲ್ಲಿ 7 ಜನರಲ್ಲಿ ಒಬ್ಬಳು: 0.60. 10ನೇ ತಿಂಗಳಿಗೆ ಒಬ್ಬಳ ಸುದ್ದಿ ನಿಲ್ಲುತ್ತದೆ, ಪಾಲು ಬದಲಾಗದು, ಲೆಕ್ಕದಲ್ಲಿ 5 ಜನ ಉಳಿದರು. 12ನೇ ತಿಂಗಳಲ್ಲಿ 5 ಜನರಲ್ಲಿ ಒಬ್ಬಳು: 0.48. 15ಕ್ಕೆ ಇನ್ನೊಬ್ಬಳ ಸುದ್ದಿ ನಿಂತು 3 ಜನ. 24ನೇ ತಿಂಗಳಲ್ಲಿ 3 ಜನರಲ್ಲಿ ಒಬ್ಬಳು: 0.32. ಅಂದರೆ ಅರ್ಧದಷ್ಟು ಮಂದಿ ಮರಳಲು 12 ತಿಂಗಳು ಬೇಕು, ಎರಡು ವರ್ಷವಾದರೂ ಸುಮಾರು ಮೂರನೇ ಒಂದು ಪಾಲು ಮನೆಯಲ್ಲೇ. ಹತ್ತು ತಿಂಗಳ ಸರಾಸರಿ ನಂಬಿ ಶಿಶುಪಾಲನೆಯ ಯೋಜನೆ ಮಾಡಿದರೆ ಈ ಮೂರನೇ ಪಾಲು ಅದರಲ್ಲಿ ಇರುವುದೇ ಇಲ್ಲ.

ಇಷ್ಟಾದರೂ ಹಾಳೆಗೆ ಕಾಣದ ಒಂದು ಎಳೆ ಇದೆ: ಒಂದೇ ದಿನದ ಒಳಗಿನ ಗಂಟೆಗಳು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲಿ ನೌಕರಿ ಮುಗಿಸಿ ಬಂದ ಹೆಂಗಸಿನ ಮನೆಗೆಲಸವನ್ನು ‘ಎರಡನೇ ಪಾಳಿ’ ಎಂದು ಕರೆದರು; ಹತ್ತಿ ಗಿರಣಿಗಳ ಪಾಳಿಯ ಲೆಕ್ಕದಲ್ಲಿ ಬದುಕಿದ ದಾವಣಗೆರೆಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಮಾಡುವ ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆ. ಗಂಡಸರಲ್ಲಿ ಆ ಕೆಲಸ ಮಾಡುವವರೇ ಕಾಲು ಭಾಗದಷ್ಟು ಎಂಬುದನ್ನು ಮರೆತು 97ನ್ನು ಎಲ್ಲ ಗಂಡಸರ ತಲೆಗೂ ಹಂಚುವವರಿದ್ದಾರೆ. ಹಾಳೆ ತುಂಬಿದ ಮನೆಯಲ್ಲಿ ನಾಟಿಯ ಒಂದು ದಿನ, ಕೂಲಿಯಿಲ್ಲದ ಒಂದು ದಿನ, ಎರಡಕ್ಕೂ ಅರ್ಧ ಗಂಟೆಯ ಲೆಕ್ಕದಲ್ಲಿ 48 ಚೌಕದ ಬೇರೆ ಪಟ್ಟಿ ಮಾಡಿಕೊಂಡರೆ ಇದು ತುಂಬುತ್ತದೆ.

ಕೊನೆಗೆ ಹಾಳೆಯನ್ನು ಸುತ್ತಿ ಎತ್ತಿಕೊಳ್ಳುವ ಮೊದಲು ಹೇಳಿದವರಿಗೆ ಎಡದಿಂದ ಬಲಕ್ಕೆ ಒಮ್ಮೆ ಓದಿ ಹೇಳಬೇಕು. ತಿದ್ದುಪಡಿಗಳು ಬರುವುದೇ ಆಗ. ಹೆಸರನ್ನು ಹಾಳೆಯ ಮೇಲೆ ಬರೆಯಬಾರದು, ಬರೀ ಸಂಖ್ಯೆ. ಹೆಸರಿನ ಪಟ್ಟಿ ಬೇರೆ ಪುಸ್ತಕದಲ್ಲಿ, ಬೇರೆ ಬೀಗದಲ್ಲಿ. ಅಳಿಸಿ ಅಂದ ಚೌಕವನ್ನು ಅವರ ಎದುರಿಗೇ ಅಳಿಸಿ. ಬಲತುದಿಯಲ್ಲಿ, ಇನ್ನೂ ನಡೆಯುತ್ತಿರುವ ಸಾಲುಗಳಿಗೆ ಬಾಣದ ಗುರುತು ಹಾಕಿ, ಆ ದಿನದ ತಾರೀಕು ಬರೆಯಿರಿ.